ಬಳಸುದಾರಿಯ ಬೆಳಕು

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಅವಳನ್ನು ‘ಇನ್ನೊಂದ್ಸಲಕ್ಕ’ ಎಂದು ಕರೆಯುತ್ತಿದ್ದರು. ಯಾವ ಕೆಲಸ ಮುಗಿದರೂ “ಇನ್ನೊಂದ್ಸಲ ನೋಡ್ಬಿಡೋಣ” ಅನ್ನದೆ ಅವಳು ಕೈ ತೊಳೆದುಕೊಂಡವಳಲ್ಲ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಮನೆಯಲ್ಲೂ ಅದೇ ಕತೆ. ಅವಳು ತಮ್ಮನ ಸಂಸಾರದ ಜೊತೆಗಿದ್ದಳು. ಗ್ಯಾಸ್ ಆರಿದೆಯೋ ಇಲ್ಲವೋ ಎಂದು ಅವಳು ಮೂರನೇ ಸಲ ಅಡುಗೆಮನೆಗೆ ಹೊಕ್ಕಾಗ ನಾದಿನಿ ತಟ್ಟೆ ಒರೆಸುತ್ತ, “ಅತ್ತಿಗೆ, ಆ ಗುಂಡಿಗೂ ಬೇಜಾರಾಗಿರುತ್ತೆ, ಬಿಡಿ” ಅನ್ನುತ್ತಿದ್ದಳು.

ವಯಸ್ಸು ಐವತ್ತಕ್ಕೆ ಎರಡು ಕಮ್ಮಿ. ಕೂತಲ್ಲಿ ಕೂರದ ಜೀವ. ಇಪ್ಪತ್ತನೇ ವಯಸ್ಸಿನಲ್ಲಿ ಅವಳು ಟೆಲಿಫೋನ್ ಆಪರೇಟರ್ ಆಗಿದ್ದಳು. ಕಿವಿಗೊಂದು ಬಟ್ಟಲು ಸಿಕ್ಕಿಸಿಕೊಂಡು, ಇವರ ತಂತಿಯನ್ನು ಅವರ ತೂತಿಗೆ ಚುಚ್ಚುವ ಕೆಲಸ. ಒಂದು ದಿನ ತಾನೇ ತಾನಾಗಿ ಜೋಡಿಸುವ ಯಂತ್ರ ಬಂತು, ಹನ್ನೆರಡು ಹುಡುಗಿಯರನ್ನು ಮನೆಗೆ ಕಳಿಸಿತು. ಹನ್ನೊಂದು ಜನ ಅತ್ತು ಹೋದರು. ಇವಳು ಹೋಗಲಿಲ್ಲ. ಹಿಂದಿನ ಅಂಗಳದಲ್ಲಿ ಕೇಬಲ್ ಜೋಡಿಸುತ್ತಿದ್ದ ಲೈನ್‌ಮನ್ನನ ಮುಂದೆ ನಿಂತು, “ನಂಗೂ ಕಲಿಸಿ” ಅಂದಳು.

ಆ ಲೈನ್‌ಮನ್ನನನ್ನು ಆಗಲೇ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಅವರ ಹಾಗೆ ಜೋಡಿಸುವವರು ಸುತ್ತಮುತ್ತ ಇರಲಿಲ್ಲ. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ಗುಂಡಿಗೆ ಇಳಿಬೇಕು, ಕೆಸರಲ್ಲಿ ಕೂರಬೇಕು, ಆಗುತ್ತಾ ತಂಗೀ?” ಎಂದು ಕೇಳಿದರು. “ಕೂರೋದೊಂದೇ ಕಷ್ಟ” ಅಂದಳು. ಮೇಷ್ಟ್ರು ನಕ್ಕರು. ಅಂದಿನಿಂದ ಇಪ್ಪತ್ತೆಂಟು ವರ್ಷ ಅವಳು ತಿಂದ ಅನ್ನ ಅವರು ಕಲಿಸಿದ ವಿದ್ಯೆಯದು.

ಈಗ ಇಬ್ಬರೂ ಕಂಟ್ರೋಲ್ ರೂಮಿನ ಕೇಬಲ್ಲು, ಯಂತ್ರ ನೋಡಿಕೊಳ್ಳುವ ಕೆಲಸಕ್ಕಿದ್ದರು. ಅದು ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಆಂಬುಲೆನ್ಸುಗಳ ಮಾತನ್ನೆಲ್ಲ ಹಿಡಿಯುವ ಆಂಟೆನಾ ಊರಾಚೆಯ ಬೆಟ್ಟದ ಮೇಲೆ. ಅಲ್ಲಿಂದ ಮಾತು ಬೆಳಕಾಗಿ, ನೆಲದಡಿಯ ಗಾಜಿನ ಎಳೆಯೊಳಗೆ ಆರು ಕಿಲೋಮೀಟರ್ ಓಡಿ ಬಂದು, ಕಂಟ್ರೋಲ್ ರೂಮಿನ ರಿಸೀವರಿನಲ್ಲಿ ಮತ್ತೆ ಮಾತಾಗುತ್ತಿತ್ತು. ಇಲ್ಲಿಂದ ಹೋಗುವ ಮಾತಿಗೂ ಅದೇ ದಾರಿ.

ಹಿಂದಿನ ವರ್ಷ, ನೀರಿನ ಪೈಪಿಗಾಗಿ ಹೆದ್ದಾರಿ ಅಗೆಯುತ್ತಿದ್ದ ಜೆಸಿಬಿಯೊಂದು ಆ ಕೇಬಲ್ಲನ್ನು ಬಾಳೆನಾರಿನ ಹಾಗೆ ಕಿತ್ತೆಸೆಯಿತು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಹನ್ನೊಂದು ಗಾಡಿಗಳೂ ಮೂಕ. ಮೊಬೈಲುಗಳೇನೋ ಇದ್ದವು, ಆದರೆ ಒಬ್ಬೊಬ್ಬ ಡ್ರೈವರಿಗೂ ಬೇರೆ ಬೇರೆಯಾಗಿ ಫೋನು ಮಾಡಿ, ಅವನು ಎತ್ತಿ, ವಿಷಯ ಹೇಳುವಷ್ಟರಲ್ಲಿ ಗಾಡಿ ಇನ್ನೆಲ್ಲೋ ಇರುತ್ತಿತ್ತು. ಹನ್ನೊಂದರಲ್ಲಿ ಒಂದನ್ನು ಓಡಿಸುತ್ತಿದ್ದವನು ಅವಳ ತಮ್ಮ. ಪಾರ್ಶ್ವವಾಯು ಬಡಿದ ಒಬ್ಬ ಬಡಗಿಯನ್ನು ಅವನು ಹತ್ತಿರದ ಆಸ್ಪತ್ರೆಗೆ ಕೊಂಡೊಯ್ದ. ಅಲ್ಲಿ ಸ್ಕ್ಯಾನ್ ಯಂತ್ರ ಕೆಟ್ಟು ಕೂತಿತ್ತು. ‘ಅಲ್ಲಿಗೆ ಹೋಗಬೇಡಿ’ ಎಂಬ ಮಾತು ಕಂಟ್ರೋಲ್ ರೂಮಿನಲ್ಲೇ ಉಳಿದಿತ್ತು. ಇನ್ನೊಂದು ಆಸ್ಪತ್ರೆಗೆ ತಲುಪುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಬಡಗಿ ಬದುಕಿದ, ಆದರೆ ಬಲಗೈ ಮತ್ತೆ ಉಳಿ ಹಿಡಿಯಲಿಲ್ಲ.

ತಮ್ಮ ಎರಡು ದಿನ ಊಟ ಬಿಟ್ಟ. ಅವಳು ಊಟ ಬಿಡಲಿಲ್ಲ, ನೆಮ್ಮದಿ ಬಿಟ್ಟಳು. ಎಲ್ಲಿ ಜೆಸಿಬಿಯ ಸದ್ದು ಕೇಳಿದರೂ ಅವಳ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಕಂಟ್ರೋಲ್ ರೂಮಿನ ಮೇಲಧಿಕಾರಿ ಎಂಜಿನಿಯರ್ ಸಾಹೇಬರಿಗೆ ಎಂಟು ತಿಂಗಳಲ್ಲಿ ಹದಿನಾಲ್ಕು ಅರ್ಜಿ ಬರೆದಳು. ಹದಿನೈದನೆಯದನ್ನು ತಪ್ಪಿಸಿಕೊಳ್ಳಲಿಕ್ಕೇ ಎಂಬಂತೆ ಅವರು ಒಪ್ಪಿದರು. ಕಾಲುವೆ ದಂಡೆಯ ಮೇಲೆ, ಬಳಸಿಕೊಂಡು ಹನ್ನೊಂದು ಕಿಲೋಮೀಟರಿನ ಎರಡನೇ ಕೇಬಲ್. ಎರಡೂ ಕೇಬಲ್ಲುಗಳ ಬೆಳಕನ್ನು ಒಟ್ಟಿಗೆ ನೋಡುತ್ತ, ಒಂದು ಆರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ಹಾರುವ ಹೊಸ ರಿಸೀವರ್. ಬೆಟ್ಟದ ಮೇಲೂ ಇಂಥದೇ ಇನ್ನೊಂದು. ಕೇಬಲ್ಲಿನ ಹೊಣೆ ಮೇಷ್ಟ್ರದು, ರಿಸೀವರಿನ ಹೊಣೆ ಇವಳದು.

ರಿಸೀವರ್ ಬಂದದ್ದು ಚಪ್ಪಲಿ ಡಬ್ಬಿಯಷ್ಟು ರಟ್ಟಿನ ಪೆಟ್ಟಿಗೆಯಲ್ಲಿ. “ಇಷ್ಟಕ್ಕಾ ಹದಿನಾಲ್ಕು ಅರ್ಜಿ?” ಎಂದು ಸಾಹೇಬರು ಹುಬ್ಬೇರಿಸಿದರು. ಅವಳು ಕೈ ತೊಳೆದು, ಒರೆಸಿ, ಅದನ್ನು ಕಬ್ಬಿಣದ ಚೌಕಟ್ಟಿನೊಳಗೆ ತಳ್ಳಿ ತಿರುಪು ಬಿಗಿದಳು. ಮುಖದಲ್ಲಿ ಎರಡು ಕಿಂಡಿ, ಪ್ರತಿ ಕಿಂಡಿಯ ಪಕ್ಕ ಒಂದೊಂದು ದೀಪ. ಎಳೆಯ ತುದಿಗಳನ್ನು ಒಣ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಭೂತಗನ್ನಡಿಯಲ್ಲಿ ನೋಡಿ, ಒಂದು ತುದಿಯಲ್ಲಿ ಎಳ್ಳಿನ ಸಾವಿರದಲ್ಲೊಂದು ಪಾಲಿನಷ್ಟು ಧೂಳು ಕಂಡದ್ದರಿಂದ ಮತ್ತೆ ಒರೆಸಿ, ಕಿಂಡಿಗೆ ಸಿಕ್ಕಿಸಿದಳು. ಎರಡೂ ದೀಪ ಹಸಿರಾದವು.

ಕಷ್ಟದ್ದು ಆಮೇಲಿನ ಕೆಲಸ. ಬೆಳಕು ಎಷ್ಟು ಕುಗ್ಗಿದರೆ ದಾರಿ ಬದಲಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಗಡಿ ಮೇಲಿಟ್ಟರೆ ಸುಮ್ಮಸುಮ್ಮನೆ ಅತ್ತಿಂದಿತ್ತ ಕುಣಿಯುತ್ತದೆ; ಕೆಳಗಿಟ್ಟರೆ ಮಾತೆಲ್ಲ ಗೊರಗೊರ ಆದಮೇಲೆ ಎಚ್ಚರವಾಗುತ್ತದೆ. ಅವಳು ಎಳೆಯನ್ನು ಒಂದು ಪೆನ್ಸಿಲ್ಲಿಗೆ ಸುತ್ತುತ್ತ ಹೋದಳು. ಸುತ್ತು ಹೆಚ್ಚಿದಂತೆ ಬೆಳಕು ಸೋರಿ ಮಂದವಾಗುತ್ತದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮಾತು ಒಡೆಯುವ ಜಾಗ ಕಂಡುಕೊಂಡು, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಗಡಿ ಇಟ್ಟಳು. ಮೊದಲನೇ ದಾರಿ ಸರಿಹೋದರೂ ತಾನಾಗಿ ಹಿಂದಿರುಗಬಾರದು, ಮನುಷ್ಯರು ನೋಡಿಯೇ ತಿರುಗಿಸಬೇಕು ಎಂಬ ಆಯ್ಕೆಯನ್ನೂ ಒತ್ತಿದಳು. ಕೊನೆಗೆ ಸಾಹೇಬರ ಎದುರಿಗೇ ಮೊದಲನೇ ಎಳೆಯನ್ನು ಕಿತ್ತಳು. ಟಿಕ್ ಎಂದಿತು. ಒಂದು ದೀಪ ಕೆಂಪಾಯಿತು. ಹೆಡ್‌ಫೋನಿನಲ್ಲಿ ಯಾವನೋ ಡ್ರೈವರ್ ಟ್ರಾಫಿಕ್ಕನ್ನು ಬೈಯುತ್ತಿದ್ದವನು ಒಂದಕ್ಷರವೂ ತಪ್ಪದೆ ಬೈಯುತ್ತಲೇ ಇದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಕೈ ಕುಲುಕಿದರು. ಅವಳು ಮಾತ್ರ ಪರದೆಯ ಅಂಕಿಗಳನ್ನೇ ನೋಡುತ್ತಿದ್ದಳು. ಮೊದಲನೇ ಕಿಂಡಿಯಲ್ಲಿ ಬೆಳಕು ಮೈನಸ್ ಮೂರು ಪಾಯಿಂಟ್ ಒಂದು. ಎರಡನೆಯದರಲ್ಲಿ ಮೈನಸ್ ಮೂರು ಪಾಯಿಂಟ್ ಎರಡು. ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಮಂದ.

ತಲೆಗೆ ಹುಳ ಹೊಕ್ಕಿತು. ಬೆಳಕಾದರೂ ನಡೆದಷ್ಟೂ ಸವೆಯುತ್ತದೆ. ಆರು ಕಿಲೋಮೀಟರ್ ಬಂದ ಬೆಳಕಿಗೂ ಹನ್ನೊಂದು ಕಿಲೋಮೀಟರ್ ಬಂದ ಬೆಳಕಿಗೂ ಆ ಅಂಕಿಯಲ್ಲಿ ಹತ್ತಿರ ಹತ್ತಿರ ಎರಡು ಅಂಕದ ವ್ಯತ್ಯಾಸ ಇರಬೇಕು. ಇಲ್ಲಿ ಇಬ್ಬರೂ ಒಂದೇ ಮನೆಯಿಂದ ಹೊರಟು ಜೊತೆಜೊತೆಗೆ ಬಂದವರ ಹಾಗಿದ್ದರು.

“ಸಾರ್, ಎರಡನೇದು ಇಷ್ಟು ಚೆನ್ನಾಗಿ ಬರಬಾರ್ದು” ಅಂದಳು.

“ಬೆಳಕು ಕಮ್ಮಿ ಬಂದ್ರೆ ದೂರು ಕೊಡಬೇಕಮ್ಮ. ಜಾಸ್ತಿ ಬಂದ್ರೂ ದೂರಾ?” ಸಾಹೇಬರು ನಕ್ಕು, ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕಿ ಹೊರಟರು.

ಕೇಬಲ್ಲಿನ ಉದ್ದ ಅಳೆಯುವ ಯಂತ್ರವೊಂದಿತ್ತು. ಅದು ಮೇಷ್ಟ್ರ ಸ್ಟೋರಿನಲ್ಲಿ. ಮರುದಿನ ಕೇಳಲು ಹೋದರೆ ಅವರು ಬೆನ್ನು ತಿರುಗಿಸಿಕೊಂಡೇ, “ಬ್ಯಾಟರಿ ಹೋಗಿದೆ” ಅಂದರು. ಎರಡು ದಿನ ಬಿಟ್ಟು ಕೇಳಿದಳು. “ರಿಪೇರಿಗೆ ಕೊಟ್ಟಿದೀನಿ” ಅಂದರು. ಅದು ಅವರ ಹಿಂದಿನ ಕಪಾಟಿನಲ್ಲೇ ಕೂತಿದ್ದು ಅವಳಿಗೆ ಕಾಣುತ್ತಿತ್ತು. ಯಾಕೆ ಸುಳ್ಳು ಹೇಳುತ್ತಾರೆ? ಕೇಳಲು ಬಾಯಿ ಬರಲಿಲ್ಲ. ಇನ್ನೊಂದು ಕಡೆ, ಹೆದ್ದಾರಿ ಅಗಲ ಮಾಡುವ ಕೆಲಸ ಮುಂದಿನ ಬುಧವಾರದಿಂದ ಶುರು ಎಂದು ರಸ್ತೆಬದಿಯಲ್ಲಿ ಫಲಕ ನೆಟ್ಟಿದ್ದರು. ಬೆಂಕಿಯ ಮೇಲೆ ಕೂತ ಹಾಗಾಯಿತು ಅವಳಿಗೆ. ಊಟದ ನಡುವೆ ಎದ್ದು ನಿಲ್ಲುತ್ತಿದ್ದಳು, ಯಾಕೆ ಎದ್ದೆ ಎಂದು ಗೊತ್ತಾಗದೆ ಕೂರುತ್ತಿದ್ದಳು.

ಭಾನುವಾರ ಬೆಳಗ್ಗೆ ತಮ್ಮನನ್ನು ಎಬ್ಬಿಸಿದಳು. “ಗಾಡಿ ತೆಗಿ. ಕಾಲುವೆ ಕಡೆ ಹೋಗ್ಬೇಕು.”

“ಅಕ್ಕಾ, ವಾರಕ್ಕೊಂದು ರಜಾ ನಂಗೆ.”

“ಅದಕ್ಕೇ ನಿನ್ನ ಕರೀತಿರೋದು. ಬೇರೆ ದಿನ ನೀನೆಲ್ಲಿ ಸಿಗ್ತೀಯಾ?”

ಗೊಣಗುತ್ತ ಸ್ಕೂಟರ್ ತೆಗೆದ. ಕಾಲುವೆಯುದ್ದಕ್ಕೂ ಅರ್ಧ ಕಿಲೋಮೀಟರಿಗೊಂದರಂತೆ ಕೇಬಲ್ ಗುಂಡಿಗಳಿದ್ದವು. ಇಬ್ಬರೂ ಕಬ್ಬಿಣದ ಸಲಾಕೆ ಹಾಕಿ ಒಂದೊಂದೇ ಮುಚ್ಚಳ ಎತ್ತಿದರು. ಒಂದನೆಯದರಲ್ಲಿ ಹೊಸ ಕಪ್ಪು ಕೇಬಲ್ ಇತ್ತು. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. “ಇದೆಯಲ್ಲಾ, ಮತ್ತೇನು?” ಅಂದ ತಮ್ಮ. ಅವಳಿಗೆ ನಾಚಿಕೆಯಾಯಿತು, ಇಪ್ಪತ್ತೆಂಟು ವರ್ಷದ ಗುರುವಿನ ಮೇಲೆ ಅನುಮಾನ ಪಟ್ಟೆನಲ್ಲ ಎಂದು.

ನಾಲ್ಕನೇ ಗುಂಡಿಯ ಮುಚ್ಚಳ ಎತ್ತಿ ಬಗ್ಗಿದಳು. ಈ ಕಡೆಯಿಂದ ಬಂದ ಕೇಬಲ್ಲು ಸುರುಳಿಯಾಗಿ ಮಲಗಿತ್ತು. ಆ ಕಡೆಯಿಂದ ಬಂದದ್ದೂ ಸುರುಳಿಯಾಗಿ ಮಲಗಿತ್ತು. ಎರಡರ ತುದಿಗೂ ರಬ್ಬರಿನ ಟೋಪಿ. ನಡುವೆ ಒಂದು ಗೇಣು ಬರೀ ಗಾಳಿ. ಸುರುಳಿಗಳಿಗೆ ಮೂರು ಸುತ್ತು ದಾರ ಸುತ್ತಿ, ತುದಿಯನ್ನು ಒಳಕ್ಕೆ ಮಡಿಸಿ ಕಟ್ಟಿದ್ದ ಗಂಟು. ಆ ಗಂಟನ್ನು ಅವಳಿಗೆ ಕಲಿಸಿದವರು ಮೇಷ್ಟ್ರು.

ಕೇಬಲ್ಲು ಕೂಡಿಯೇ ಇರಲಿಲ್ಲ. ಹಾಗಾದರೆ ಎರಡನೇ ಕಿಂಡಿಗೆ ಬರುತ್ತಿದ್ದ ಬೆಳಕು ಎಲ್ಲಿಯದು? ಅಲ್ಲೇ ದಂಡೆಯ ಮೇಲೆ ಕೂತು ಯೋಚಿಸಿದಾಗ ಹೊಳೆಯಿತು. ಹೆದ್ದಾರಿಯ ಹಳೆ ಕೇಬಲ್ಲಿನ ನಲವತ್ತೆಂಟು ಎಳೆಗಳಲ್ಲಿ ಉಪಯೋಗಿಸದವು ಎಷ್ಟೋ ಇದ್ದವು. ಅದರಲ್ಲೇ ಒಂದರ ಎರಡು ತುದಿಗಳನ್ನು ‘ಎರಡನೇ ದಾರಿ’ಯದೆಂದು ಮೇಷ್ಟ್ರು ಅವಳಿಗೆ ಕೊಟ್ಟಿದ್ದರು. ಜೆಸಿಬಿ ಬಂದರೆ ಎರಡೂ ಒಂದೇ ಏಟಿಗೆ ಹೋಗುತ್ತವೆ.

“ಯಾರು ಮಾಡಿದ್ದು?” ತಮ್ಮ ಕೇಳಿದ. ಬಡಗಿಯನ್ನು ಹೊತ್ತೊಯ್ದವನು ಅವನು.

“ನೀನು ಮನೆಗೆ ಹೋಗು” ಅಂದಳು ಅಕ್ಕ. “ನಾನು ನಡ್ಕೊಂಡು ಬರ್ತೀನಿ.”

ನಡೆದದ್ದು ಮೇಷ್ಟ್ರ ಮನೆಗೆ. ಹೆಂಡತಿ ತೀರಿಕೊಂಡ ಮೇಲೆ ಅವರು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಕಿಟಕಿಯ ಕಟ್ಟೆಯ ಮೇಲೆ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿದ್ದವು. “ಬಾ ತಂಗೀ, ಚಹಾ ಮಾಡಿದೀನಿ” ಎಂದು ಲೋಟ ಇಟ್ಟು ಬಗ್ಗಿಸಿದರು. ಚಹಾದ ಧಾರೆ ಲೋಟದ ಪಕ್ಕ ಬಿತ್ತು. ಅವರು ಬೆರಳಿನಿಂದ ಲೋಟದ ಅಂಚು ತಡಕಿ, ಧಾರೆಯನ್ನು ಅದರೊಳಕ್ಕೆ ತಂದುಕೊಂಡರು. ಏನೂ ಆಗದವರ ಹಾಗೆ ಬಟ್ಟೆ ತೆಗೆದುಕೊಂಡು ಮೇಜು ಒರೆಸಿದರು. ಒರೆಸಿದ್ದೂ ಚೆಲ್ಲಿದ ಜಾಗವನ್ನಲ್ಲ.

ಬೈಯಲು ಬಂದವಳು ಬಟ್ಟೆ ತೆಗೆದುಕೊಂಡು ಚೆಲ್ಲಿದ ಜಾಗ ಒರೆಸಿದಳು.

“ನಾಲ್ಕನೇ ಗುಂಡಿ ನೋಡ್ಬಂದೆ ಮೇಷ್ಟ್ರೇ” ಅಂದಳು ಕೊನೆಗೆ.

ಅವರು ಲೋಟವನ್ನು ಅವಳತ್ತ ಸರಿಸಿದರು. “ಯಾರು ಹೇಳಿದ್ರು ನಿಂಗೆ?”

“ರಿಸೀವರಿನ ಮೀಟರು.”

“ನಾನೇ ಕಲಿಸಿದ್ದು, ಮೀಟರು ನಂಬು ಅಂತ.” ನಗಲು ನೋಡಿದರು, ಆಗಲಿಲ್ಲ. “ಅಲ್ಲಿ ಕೇಬಲ್ ಹೋಗೋ ಪೈಪು ಜಜ್ಜಿಹೋಗಿತ್ತು ತಂಗೀ. ಕೇಬಲ್ ಕತ್ತರಿಸಿ ಜೋಡಿಸಲೇಬೇಕಿತ್ತು. ಮೂರು ದಿನ ಕೂತೆ. ಎಳೆ ಕಾಣಲಿಲ್ಲ. ಎಲ್ಲಾ ಹಾಲಲ್ಲಿ ಅದ್ದಿದ ಹಾಗೆ. ಯಾರಿಗೆ ಹೇಳ್ಲಿ? ಕಣ್ಣಿಲ್ಲದ ಜೋಡಣೆಗಾರನ್ನ ಯಾರು ಇಟ್ಕೋತಾರೆ? ಇನ್ನು ಮೂರು ತಿಂಗಳು, ಮೂರೇ ತಿಂಗಳು ನಂಗೆ ರಿಟೈರಾಗೋಕೆ. ಆಮೇಲೆ ಹೇಳ್ಕೋ.”

“ಮೂರು ತಿಂಗಳು ಎಲ್ಲಿದೆ ಮೇಷ್ಟ್ರೇ? ಮಷೀನು ಬರೋದು ಬುಧವಾರ.”

“ನಿಂಗೆ ಇಷ್ಟು ವರ್ಷ ಕಲಿಸಿದ್ದಕ್ಕೆ ಇದಾ ಪ್ರತಿಫಲ?” ಅವರ ಧ್ವನಿ ಏರಿತು.

ಮಾತು ಈಟಿಯ ಹಾಗೆ ನಾಟಿತು. ಅವಳು ಎದ್ದು ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಬಾಗಿಲವರೆಗೆ ಹೋದಳು. “ಕೇಬಲ್ ವಿಷಯ ನಾಳೆ ಬೆಳಗ್ಗೆ ನಾನು ಬರ್ದು ಕೊಡ್ತೀನಿ. ಕೊಡದೆ ಇರೋಕೆ ನನ್ ಕೈಲಿ ಆಗಲ್ಲ. ಕಣ್ಣಿನ ವಿಷಯ ನಿಮ್ಮದು. ಅದನ್ನ ನಾನು ಬರಿಯಲ್ಲ.”

ಅವಳು ಹೊರಬಿದ್ದ ಮೇಲೆ ಚಿಲಕ ಹಾಕಿದ ಸದ್ದು ಕೇಳಿತು.

ಸೋಮವಾರ ಒಂಬತ್ತೂವರೆಗೆ ಕಾಗದ ಹಿಡಿದು ಸಾಹೇಬರ ಮುಂದೆ ನಿಂತಳು. ಓದುತ್ತಿದ್ದಂತೆ ಅವರ ಮುಖದ ಬಣ್ಣ ಇಳಿಯಿತು. ಅವರೇ ಸಹಿ ಹಾಕಿದ್ದ ಕೆಲಸ. “ಎರಡೂ ಒಂದೇ ಕೇಬಲ್ಲಾ? ಇದನ್ನ ಈಗ ಹೇಳ್ತಿದ್ದೀಯಾ?”

“ಅವತ್ತೇ ಹೇಳಿದೆ ಸಾರ್. ಬೆಳಕು ಜಾಸ್ತಿ ಅಂತ.”

ಸಾಹೇಬರು ಮೇಷ್ಟ್ರನ್ನು ಕರೆಸಿ ಎಂದು ಕೂಗುವಷ್ಟರಲ್ಲಿ ಅವರೇ ಬಾಗಿಲಲ್ಲಿದ್ದರು. ಇಸ್ತ್ರಿ ಮಾಡಿದ ಶರ್ಟು, ಗುಂಡಿ ಮಾತ್ರ ಒಂದು ತೂತು ಮೇಲೆ ಕೆಳಗಾಗಿತ್ತು. ಇಡೀ ಕೋಣೆ ಕೇಳುವ ಹಾಗೆ ಹೇಳಿದರು: “ತಪ್ಪು ನಂದು ಸಾರ್. ನಂಗೆ ಕಣ್ಣು ಕಾಣಲ್ಲ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ಸುಳ್ಳು ಕೆಲಸ ಮಾಡ್ದೆ.”

ರೇಡಿಯೋಗಳ ಮುಂದೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸಾಹೇಬರಿಗೆ ಬೈಗುಳ ಸಿದ್ಧವಿತ್ತು, ಆದರೆ ಕಣ್ಣು ಕಾಣದವನ ಮುಖಕ್ಕೆ ಎಸೆಯುವುದು ಹೇಗೆ? “ಮೊದಲು ಜೋಡಿಸಿ. ಆಮೇಲೆ ಮಾತಾಡೋಣ” ಅಂದರು.

ಮಂಗಳವಾರ ಬೆಳಗ್ಗೆ ಅವಳು ನಾಲ್ಕನೇ ಗುಂಡಿಗೆ ಇಳಿದಳು. ಮೇಷ್ಟ್ರು ಅಂಚಿನಲ್ಲಿ ಕೂತು, ಗಾಳಿಗೆ ಧೂಳು ಬೀಳದ ಹಾಗೆ ಟಾರ್ಪಾಲು ಹಿಡಿದರು. ಭಾನುವಾರದ ಮಾತು ಇಬ್ಬರ ನಡುವೆ ಹಾಗೇ ಇತ್ತು. ಯಾರೂ ಅದನ್ನು ಎತ್ತಲಿಲ್ಲ. ಅವಳು ಎಳೆಯ ಸಿಪ್ಪೆ ಸುಲಿದಳು, ಒರೆಸಿದಳು, ಕತ್ತರಿಸುವ ಸಲಕರಣೆಯಲ್ಲಿಟ್ಟು ಒತ್ತಿದಳು. ಟಕ್.

“ಅದು ಸರಿಯಿಲ್ಲ” ಅಂದರು ಮೇಷ್ಟ್ರು ಮೇಲಿನಿಂದ.

“ಕಾಣ್ತಿಲ್ಲ ಅಂದ್ರಲ್ಲಾ?”

“ಕಿವಿ ಕೆಟ್ಟಿಲ್ಲ. ಬ್ಲೇಡು ಓರೆ ಬಿತ್ತು. ಇನ್ನೊಂದು ಕತ್ತರಿಸು.”

ಜೋಡಿಸುವ ಯಂತ್ರದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು. ತುದಿ ಓರೆಯಾಗಿಯೇ ಇತ್ತು. ಮತ್ತೆ ಕತ್ತರಿಸಿದಳು. ಈ ಸಲ ಮೇಷ್ಟ್ರು “ಹ್ಞಾಂ” ಅಂದರು. ಹೀಗೆ ಇಪ್ಪತ್ತನಾಲ್ಕು ಎಳೆ. ಅವಳ ಕಣ್ಣು, ಅವರ ಕಿವಿ. ಮಧ್ಯಾಹ್ನದ ಬಿಸಿಲಿಗೆ ಗುಂಡಿ ಒಲೆಯಾಗಿತ್ತು, ಆದರೆ ನಾಳೆಯ ನೆನಪು ಬೆನ್ನ ಹಿಂದೆ ನಿಂತು ನೂಕುತ್ತಿದ್ದುದರಿಂದ ಅವಳು ನೀರು ಕುಡಿಯಲೂ ಮೇಲೆ ಬರಲಿಲ್ಲ. ಮೊದಲು ಬೆಟ್ಟಕ್ಕೆ ಹೋಗಿ ಅಲ್ಲಿಯ ತುದಿ ಸಿಕ್ಕಿಸಿ, ಸಂಜೆ ಐದಕ್ಕೆ ಕಂಟ್ರೋಲ್ ರೂಮಿಗೆ ಓಡಿ ಎಳೆಯನ್ನು ಎರಡನೇ ಕಿಂಡಿಗೆ ಸಿಕ್ಕಿಸಿದಾಗ ಪರದೆ ಮೈನಸ್ ಐದು ತೋರಿಸಿತು. ಬೆಳಕು ಕಮ್ಮಿಯಾದದ್ದಕ್ಕೆ ಯಾರಾದರೂ ಕುಣಿಯುತ್ತಾರೆಯೇ? ಅವಳು ಕುಣಿಯುವುದೊಂದು ಬಾಕಿ. ಗಡಿಯನ್ನು ಹೊಸದಾಗಿ ನೋಡಿಕೊಂಡು, ಮತ್ತೆ ಬೆಟ್ಟಕ್ಕೆ ಹೋಗಿ ಅಲ್ಲಿಯ ಗಡಿಯನ್ನೂ ಸರಿಮಾಡಿ ಬಂದಳು.

ಮೇಷ್ಟ್ರನ್ನು ಕೆಲಸದಿಂದ ತೆಗೆಯಲಿಲ್ಲ. ಉಳಿದ ಮೂರು ತಿಂಗಳಿಗೆ ಸ್ಟೋರಿನ ಕುರ್ಚಿಗೆ ಹಾಕಿದರು. ಅದು ಅವರಿಗೆ ತೆಗೆದುಹಾಕಿದ್ದಕ್ಕಿಂತ ಹೆಚ್ಚು ನೋಯಿತು. ಕಣ್ಣಿನ ಪೊರೆ ತೆಗೆಸಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರೂ, “ಕಣ್ಣಿಗೆ ಕತ್ತಿಯಾ?” ಎಂದು ಎರಡು ಸಲ ದಿನ ತಪ್ಪಿಸಿದರು. ಮೂರನೇ ಸಲ ಅವಳೇ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, “ನೀವು ಹತ್ತೋವರೆಗೂ ನಾನು ಇಲ್ಲೇ ಅತ್ತಿಂದಿತ್ತ ಓಡಾಡ್ತಿರ್ತೀನಿ, ಬೀದಿಯೋರೆಲ್ಲ ನೋಡ್ಲಿ” ಅಂದಳು. ಹತ್ತಿದರು.

ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಮೇಷ್ಟ್ರು ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಹಾಸಿಗೆಯ ಮೇಲೆ ಒರಗಿದ್ದರು. ಅವಳು ಪಕ್ಕದ ಸ್ಟೂಲಿನಲ್ಲಿ ಮಂಡಿ ಅಲ್ಲಾಡಿಸುತ್ತ ಕೂತಿದ್ದಳು. ಆಗ ಫೋನು ಬಂತು, ಕಂಟ್ರೋಲ್ ರೂಮಿನಿಂದ.

“ಅಕ್ಕಾ, ಒಂದು ದೀಪ ಕೆಂಪಾಗಿದೆ. ಮೊದಲನೇದು. ಆದ್ರೆ ಮಾತೆಲ್ಲ ಸರಿಯಾಗೇ ಬರ್ತಿದೆ. ಏನಾದ್ರೂ ಮಾಡ್ಬೇಕಾ?”

“ಯಾವಾಗ ಆಯ್ತು?”

“ಗೊತ್ತಿಲ್ಲ. ಈಗ ನೋಡಿದ್ವಿ.”

ಅವಳು ಎದ್ದು ನಿಂತಳು. ಮೇಷ್ಟ್ರ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.

“ಹೆದ್ದಾರಿಯದಾ?” ಕೇಳಿದರು ಅವರು.

“ಹೌದು. ಬಳಸುದಾರಿ ಹೊತ್ಕೊಂಡಿದೆ. ಆದ್ರೆ ಈಗ ಇರೋದು ಅದೊಂದೇ.”

“ಹಂಗಾದ್ರೆ ಇನ್ನೂ ಯಾಕೆ ಇಲ್ಲಿದ್ದೀಯಾ? ಕಣ್ಣು ನೋಡ್ಕೊಳ್ಳೋಕೆ ನರ್ಸ್ ಇದಾರೆ. ಹೋಗು, ಹೋಗು.” ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು: “ತಂಗೀ, ಅವತ್ತು ಪ್ರತಿಫಲ ಅಂದ್ನಲ್ಲ, ಆ ಮಾತು ಬಿಟ್ಬಿಡು.”

ಅವಳಿಗೆ ನಿಂತು ಉತ್ತರ ಕೊಡುವಷ್ಟು ಸಮಾಧಾನ ಇರಲಿಲ್ಲ. ಮೆಟ್ಟಿಲು ಇಳಿಯುತ್ತಲೇ, “ಬಿಟ್ಟೆ” ಅಂದಳು. ಅವರಿಗೆ ಕೇಳಿಸಿರಬೇಕು.

ಹೆದ್ದಾರಿಯಲ್ಲಿ ಜೆಸಿಬಿ ತಲೆ ತಗ್ಗಿಸಿ ನಿಂತಿತ್ತು. ಅದರ ಚಾಲಕ “ಕೆಳಗೇನಿದೆ ಅಂತ ನಂಗೇನ್ ಗೊತ್ತು?” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ ಸೀರೆಯ ಸೆರಗು ಸಿಕ್ಕಿಸಿ ಗುಂಡಿಗೆ ಇಳಿದಳು. ಕತ್ತರಿಸಿ, ಕಿವಿಗೊಟ್ಟು, ಸರಿಯಿಲ್ಲದ್ದನ್ನು ಬಿಸಾಕಿ, ಮತ್ತೆ ಕತ್ತರಿಸಿದಳು. ಹನ್ನೆರಡನೇ ಎಳೆ ಮುಗಿಯುವ ಹೊತ್ತಿಗೆ ಒಂದು ಆಂಬುಲೆನ್ಸ್ ರಸ್ತೆಯಂಚಿನಲ್ಲಿ ನಿಧಾನಿಸಿತು. ಕಿಟಕಿಯಿಂದ ತಮ್ಮ ತಲೆ ಹಾಕಿದ. ಅವನ ಹಿಂದೆ ರೇಡಿಯೋ ತನ್ನ ಪಾಡಿಗೆ ಮಾತಾಡುತ್ತಿತ್ತು: ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ, ಯಾವ ರಸ್ತೆ ಬಂದ್.

“ಏನಕ್ಕಾ, ನೀನು ಕಣ್ಣಾಸ್ಪತ್ರೇಲಿ ಇರ್ಬೇಕಿತ್ತಲ್ವಾ? ಇಲ್ಲೇನು ಮಾಡ್ತಿದ್ದೀಯಾ ಗುಂಡೀಲಿ?”

ಅವಳು ತಲೆಯೆತ್ತಿ ನೋಡಿದಳು. ಅವನಿಗೆ ಏನೂ ಗೊತ್ತೇ ಇಲ್ಲ.

“ಕೇಬಲ್ ಕಟ್ಟಾಗಿದೆ.”

“ಯಾವುದು, ನಮ್ದಾ? ಸುಮ್ನಿರು, ಈಗ ತಾನೇ ಮಾತಾಡ್ದೆ.” ಅಷ್ಟರಲ್ಲಿ ರೇಡಿಯೋ ಅವನ ಗಾಡಿಯ ನಂಬರ್ ಕರೆಯಿತು. ಅವನು ಉತ್ತರ ಕೊಟ್ಟು, ಸೈರನ್ ಹಾಕಿಕೊಂಡು ಹೊರಟುಹೋದ.

ಇನ್ನೂ ಮೂವತ್ತಾರು ಎಳೆ ಉಳಿದಿದ್ದವು. ಅವಳು ಹದಿಮೂರನೆಯದರ ಸಿಪ್ಪೆ ಸುಲಿಯತೊಡಗಿದಳು.